ಬಟಾಣಿ ಕಂಪನಿಯ ಪುಕ್ಕಲ ಹಾಲ್ವರ್

ಹಾಲ್ವರ್ ಬ್ರೆಕೆ ಯಾವ ವಸ್ತುವನ್ನೂ ಮೊದಲು ಅಂಗೈಯಿಂದ ಮುಟ್ಟಿದವರಲ್ಲ. ಬಾಗಿಲ ಹಿಡಿಯಿರಲಿ, ಕಾಫಿಯ ಲೋಟವಿರಲಿ, ಟೀವಿಯ ಬೆನ್ನಿರಲಿ, ಚರ್ಚಿಗೆ ಹೊಸದಾಗಿ ಬಂದ ಪಾದ್ರಿಯ ಚಾಚಿದ ಕೈಯೇ ಇರಲಿ, ಬೆರಳುಗಳ ಹಿಂಬದಿಯನ್ನು ಒಂದು ಕ್ಷಣ ಸೋಕಿಸಿ, ಇದು ಸುಡುವುದಿಲ್ಲ, ಕಚ್ಚುವುದಿಲ್ಲ, ಜುಮ್ಮೆನ್ನಿಸುವುದಿಲ್ಲ ಎಂಬುದು ಖಾತ್ರಿಯಾದ ಮೇಲೆಯೇ ಹಿಡಿಯುತ್ತಿದ್ದರು. ನಡೆದರೆ ಗೋಡೆಯ ಪಕ್ಕಕ್ಕೇ ನಡೆಯುತ್ತಿದ್ದರು. ಯಾವ ಕೋಣೆಗೆ ಹೋದರೂ ಕೂರುವ ಮೊದಲು ಹೊರಗೆ ಹೋಗುವ ಬಾಗಿಲು ಎಲ್ಲಿದೆಯೆಂದು ನೋಡಿಕೊಳ್ಳುತ್ತಿದ್ದರು. ಆರಡಿ ಎರಡಂಗುಲದ ಆಳು, ಎತ್ತಿನಂಥ ಹೆಗಲು. ಆದರೂ ವಿಸ್ಕಾನ್ಸಿನ್ ರಾಜ್ಯದ ನಮ್ಮ ಇಡೀ ಹೋಲ್ಮ್‌ಬಿ ಊರಿನಲ್ಲಿ ಅವರಂಥ ಪುಕ್ಕಲರು ಇನ್ನೊಬ್ಬರಿಲ್ಲವೆಂದು ನಾವೆಲ್ಲ ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದೆವು. ಬೆನ್ನ ಹಿಂದೆ ಎಂದೆನೇ? ಮುಂದೆಯೂ ಆಡಿಕೊಳ್ಳುತ್ತಿದ್ದೆವು. ಚರ್ಚಿನ ನೆಲಮಾಳಿಗೆಯ ಊಟಕ್ಕೆ ಅವರು ಬಂದರೆಂದರೆ ಹೆಂಗಸರು, "ಬಂದ್ರಪ್ಪ ಇನ್‌ಸ್ಪೆಕ್ಟರು, ಮುಚ್ಚಳ ಎಲ್ಲಾ ತೆಗೀರೇ, ಇಲ್ದಿದ್ರೆ ಇವತ್ತು ಊಟ ಶುರು ಆಗಲ್ಲ" ಎಂದು ನಗುವರು. ಹಾಲ್ವರ್ ನಗುತ್ತಿರಲಿಲ್ಲ. ಒಂದೊಂದು ಪಾತ್ರೆಯ ಮೇಲೂ ಬಗ್ಗಿ ಮೂಸಿ, ತಟ್ಟೆಗೆ ಎರಡು ಬೇಯಿಸಿದ ಆಲೂಗೆಡ್ಡೆ ಮಾತ್ರ ಹಾಕಿಕೊಂಡು ಬಾಗಿಲ ಬಳಿ ಕೂರುವರು.

ಬೇಸಿಗೆ ಚಳಿಗಾಲಗಳ ಭೇದವಿಲ್ಲದೆ ಅವರ ಮೈಮೇಲಿರುತ್ತಿದ್ದದ್ದು ಓಲ್ಸ್‌ಟಾಡ್ ಡಬ್ಬಿ ಕಾರ್ಖಾನೆಯ ಕಂದು ಬಣ್ಣದ ಒರಟು ಕೋಟು. ಅದರ ಎಡಜೇಬಿನಲ್ಲಿ ಉಷ್ಣಮಾಪಕ, ಬಲಜೇಬಿನಲ್ಲಿ ತುದಿಗೆ ಗುಂಡಿರುವ ಗೇಣುದ್ದದ ಉಕ್ಕಿನ ಕಡ್ಡಿ. ಮೂವತ್ತು ವರ್ಷ ಅವರು ಆ ಕಡ್ಡಿಯಿಂದ ಬಟಾಣಿಯ ಡಬ್ಬಿಗಳ ಮುಚ್ಚಳ ಬಡಿದು ಕಿವಿಗೊಟ್ಟು ಬದುಕಿದ್ದರು. ಸರಿಯಾಗಿ ಮುಚ್ಚಿದ ಡಬ್ಬಿ ಟಿಣ್ಣೆನ್ನುತ್ತದೆ. ಒಳಗೆ ಗಾಳಿ ಹೊಕ್ಕದ್ದು ಮಂಕಾಗಿ ಗೊಣಗುತ್ತದೆ. ಆ ಎರಡು ಸದ್ದುಗಳ ನಡುವಿನ ಕೂದಲೆಳೆಯ ಅಂತರವನ್ನು ನಮ್ಮ ಸೀಮೆಯಲ್ಲಿ ಅವರಷ್ಟು ಸೂಕ್ಷ್ಮವಾಗಿ ಬಲ್ಲವರಿರಲಿಲ್ಲ. ಸೋಜಿಗವೆಂದರೆ, ತಮ್ಮ ಮನೆಯಲ್ಲಿ ಅವರು ಡಬ್ಬಿಯ ಒಂದೇ ಒಂದು ಬಟಾಣಿ ಕಾಳನ್ನೂ ಬಾಯಿಗಿಡುತ್ತಿರಲಿಲ್ಲ.

ಅದರ ಕಾರಣ ನನಗೆ ಅಮ್ಮನಿಂದ ಗೊತ್ತಾಗಿತ್ತು. ಅಮ್ಮ ಅದೇ ಕಾರ್ಖಾನೆಯಲ್ಲಿ ಕಾಳು ಆರಿಸುವ ಬೆಲ್ಟಿನ ಮುಂದೆ ಇಪ್ಪತ್ತೊಂಬತ್ತು ವರ್ಷ ನಿಂತವಳು. ಹಾಲ್ವರ್ ಇನ್ನೂ ಹೊಸಬರಾಗಿದ್ದಾಗ, ಒಂದು ದಿನ ಹುರುಳಿಕಾಯಿಯ ಡಬ್ಬಿಯೊಂದು ಅವರ ಕಡ್ಡಿಗೆ ಮಂಕಾಗಿ ಕೇಳಿಸಿತಂತೆ. ಕೇಳಿಸಿತೋ, ಕೇಳಿಸಿದಂತಾಯಿತೋ, ಲಾರಿ ಕಾಯುತ್ತಿತ್ತು, ಆ ಸರಕನ್ನು ಹೊರಗೆ ಬಿಟ್ಟರು. ಆರು ವಾರದ ಮೇಲೆ ಎಲ್ಲೋ ದೂರದ ಹೊಲಮನೆಯೊಂದರಲ್ಲಿ ಒಬ್ಬ ಹೆಂಗಸು ಆ ಹುರುಳಿಕಾಯಿಯಿಂದ ರಾತ್ರಿಯೂಟ ಮಾಡಿ, ಎರಡನೆಯ ದಿನ ಕಣ್ಣು ಮಂಜಾಗಿ, ನಾಲ್ಕನೆಯ ದಿನ ಉಸಿರು ನಿಂತು ತೀರಿಕೊಂಡಳು. ಆ ಹೆಂಗಸಿನ ಹೆಸರನ್ನು ಹಾಲ್ವರ್ ಎಂದೂ ಹೇಳಿದ್ದಿಲ್ಲ. ಆದರೆ ಅಂದಿನಿಂದ ಯಾರು ಏನೇ ಹೇಳಿದರೂ ಅವರ ಬಾಯಿಂದ ಒಂದೇ ಪ್ರಶ್ನೆ ಬರುತ್ತಿತ್ತು: "ಆಮೇಲೆ?" ಹಿಮ ಕರಗ್ತಾ ಇದೆ ಎಂದರೆ, ಆಮೇಲೆ? ಮಗಳ ಮದುವೆ ನಿಶ್ಚಯವಾಯಿತು ಎಂದರೆ, ಆಮೇಲೆ? ಕೇಳಿದವರ ಎದೆಯಲ್ಲಿ ಏನೋ ಒಂದು ತಣ್ಣಗೆ ಜಾರುವಂತೆ ಕೇಳುತ್ತಿದ್ದರು.

ಇಂಥವರನ್ನು ತಂದು ಮಕ್ಕಳ ಆಟದ ಕಂಪನಿಯಲ್ಲಿ ಕೂರಿಸಿದ್ದು ವಿಧಿಯ ತಮಾಷೆಯೆಂದೇ ಹೇಳಬೇಕು. ಸಾವಿರದೊಂಬೈನೂರ ಎಂಬತ್ತೊಂದರ ಕೊನೆಯಲ್ಲಿ, ದೇಶಕ್ಕೆ ದೇಶವೇ ಟೀವಿಗೆ ಪೆಟ್ಟಿಗೆ ಜೋಡಿಸಿಕೊಂಡು ಆಟವಾಡುತ್ತಿದ್ದ ಕಾಲದಲ್ಲಿ, ನಮ್ಮ ಓಲ್ಸ್‌ಟಾಡ್ ಯಜಮಾನರ ಅಳಿಯ ಕರ್ಟ್ ವಿಸ್ಲರನಿಗೆ ಬಟಾಣಿಯ ಮೇಲೆ ಬೇಸರ ಬಂತು. ಬಟಾಣಿ ಮಾರಿದವರು ಆಟ ಮಾರಲಾರರೇ ಎಂದು ಮಾವನ ತಲೆ ತಿಂದು, ಡಬ್ಬಿಗಳ ಚೀಟಿ ಅಚ್ಚುಹಾಕುತ್ತಿದ್ದ ಹಳೆಯ ಕಟ್ಟಡದ ಮಹಡಿಯಲ್ಲಿ 'ಲಿಟಲ್ ಡಿಪ್ಪರ್' ಎಂಬ ಹೆಸರಿನ ಕಂಪನಿ ತೆರೆದ. ಅದು ಬದುಕಿದ್ದು ಹದಿನಾರೇ ತಿಂಗಳು. ಡಬ್ಬಿಯ ಚೀಟಿಗಳ ಹಿಂದೆ 'ಬಟಾಣಿ ಸಾರು ಮಾಡುವ ವಿಧಾನ' ಬರೆಯುತ್ತಿದ್ದ ನನ್ನನ್ನು ಆಟ ಆಡುವ ವಿಧಾನ ಬರೆಯಲು ಮೇಲಕ್ಕೆ ಕಳಿಸಿದರು. ತಪಾಸಣೆಯಾಗದೆ ಗೇಟಿನಿಂದ ಏನೂ ಹೊರಗೆ ಹೋಗಕೂಡದೆಂಬುದು ಓಲ್ಸ್‌ಟಾಡ್ ಮನೆತನದ ಹಳೆಯ ನಿಯಮವಾದ್ದರಿಂದ ಹಾಲ್ವರರೂ ಬಂದರು, ಕೋಟು ಕಡ್ಡಿ ಸಮೇತ.

ಆಟ ಕಟ್ಟುತ್ತಿದ್ದವನು ಮಿಲ್ವಾಕಿಯಿಂದ ಬಂದಿದ್ದ ಡೇಲ್ ಕೊವಾಲ್ಕೆ ಎಂಬ ಗಡ್ಡದ ತರುಣ. ಯಜಮಾನರ ಅಪ್ಪಣೆಯ ಮೇರೆಗೆ ಆಟದ ನಾಯಕ ಒಂದು ಬಟಾಣಿ ಕಾಳು. ಅದನ್ನು ಅಟ್ಟಿಸಿಕೊಂಡು ಬರುವುದು ಒಂದು ಚಮಚ. ಮೊದಲ ದಿನ ಹಾಲ್ವರ್ ಅವನ ಹಿಂದೆ ನಿಂತು ಕೇಳಿದ್ದು ನನಗೆ ನೆನಪಿದೆ.

"ಇದರಲ್ಲಿ ಗೆಲ್ಲೋದು ಹೇಗಪ್ಪ?"

"ಗೆಲ್ಲೋದೆಲ್ಲಾ ಇಲ್ಲ ಹಾಲ್ವರ್. ಚಮಚ ಬರ್ತಾನೇ ಇರತ್ತೆ. ಎಷ್ಟು ಹೊತ್ತು ತಪ್ಪಿಸ್ಕೊಂಡಿರ್ತೀವೋ ಅಷ್ಟು ಅಂಕ."

"ಆಮೇಲೆ?"

"ಆಮೇಲೇನು, ತಿಂದುಬಿಡತ್ತೆ."

"ಇದನ್ನ ಮಕ್ಕಳಿಗೆ ಆಡಿಸಿ ಹೇಳಿಕೊಡ್ಬೇಕಾ? ತಾವಾಗೇ ಕಲೀತಾರಲ್ಲಪ್ಪ" ಎಂದು ಹಾಲ್ವರ್ ಗೊಣಗಿ, ಬೆರಳ ಹಿಂಬದಿಯಿಂದ ಟೀವಿಯ ಬೆನ್ನನ್ನು ಮುಟ್ಟಿ ನೋಡಿ ಹೋದರು.

ಡಬ್ಬಿ ಕಾರ್ಖಾನೆಯಲ್ಲಿ ಕಾವಿನ ಕೋಣೆ ಎಂಬುದೊಂದಿತ್ತು. ಪ್ರತಿ ಸರಕಿನಿಂದ ಹತ್ತು ಡಬ್ಬಿ ಆರಿಸಿ, ಆ ಬೆಚ್ಚನೆಯ ಕೋಣೆಯಲ್ಲಿ ಹತ್ತು ದಿನ ಇಡುತ್ತಿದ್ದರು. ಒಳಗೆ ವಿಷವಿದ್ದರೆ ಡಬ್ಬಿ ಉಬ್ಬಿ ತನ್ನ ಗುಟ್ಟು ತಾನೇ ಬಿಟ್ಟುಕೊಡುತ್ತಿತ್ತು. ಹಾಲ್ವರರಿಗೆ ತಪಾಸಣೆಯೆಂದರೆ ಅದೊಂದೇ. ಆದ್ದರಿಂದ ಅವರು ಟೀವಿಯ ಪೆಟ್ಟಿಗೆಗೆ ಸಿಕ್ಕಿಸುವ ಆಟದ ಕಾರ್ಟ್ರಿಜ್‌ಗಳನ್ನೂ ಹತ್ತು ತೆಗೆದು, ಹತ್ತು ಟೀವಿಗಳೊಂದಿಗೆ ಕಾವಿನ ಕೋಣೆಗೆ ಸಾಗಿಸಿ, ಹಗಲೂ ರಾತ್ರಿ ಆರಿಸದೆ ಬಿಟ್ಟರು. ಆಟ ಮಾರುವ ಬೇರೆ ಯಾವ ಕಂಪನಿಯೂ ಹೀಗೆ ಮಾಡಿದ್ದನ್ನು ನಾನು ಕೇಳಿಲ್ಲ. ಡೇಲ್ ಬಿದ್ದು ಬಿದ್ದು ನಕ್ಕ. "ಯಾವ ಮಗು ಹಗಲೂ ರಾತ್ರಿ ಆಡತ್ತೆ ಹೇಳಿ?"

ಆಗ ಹಾಲ್ವರ್ ನನ್ನ ಮೇಜಿನ ಬಳಿ ಬಂದು, ನಾನು ಬರೆದ ಕೈಪಿಡಿಯ ಕರಡನ್ನು ತೆರೆದು ಒಂದು ಸಾಲಿನ ಮೇಲೆ ಬೆರಳಿಟ್ಟರು. 'ಇಪ್ಪತ್ತು ಸಾವಿರ ಅಂಕ ದಾಟಿದಿರಾ? ಪರದೆಯ ಫೋಟೋ ತೆಗೆದು ಕಳಿಸಿ, ಬಟಾಣಿ ಬ್ಯಾಡ್ಜ್ ಪಡೆಯಿರಿ!' ನಾನು ಬಹಳ ಹೆಮ್ಮೆಪಟ್ಟುಕೊಂಡಿದ್ದ ಸಾಲು.

"ಆರ್ಡಿಸ್, ಮಗು ಬೆಳಿಗ್ಗೆ ಎಂಟಕ್ಕೆ ಇಪ್ಪತ್ತು ಸಾವಿರ ಮಾಡ್ತು ಅಂತಿಟ್ಕೊ. ಕ್ಯಾಮೆರಾ ಯಾರ ಹತ್ರ ಇರತ್ತೆ?"

"ಅಪ್ಪನ ಹತ್ರ."

"ಅಪ್ಪ ಬರೋದು?"

"ಸಂಜೆ ಆರಕ್ಕೆ."

"ಆರಿಸಿದ್ರೆ ಅಂಕ ಉಳಿಯತ್ತಾ?"

ಉಳಿಯುತ್ತಿರಲಿಲ್ಲ. ಆ ಕಾಲದ ಪೆಟ್ಟಿಗೆಗಳಲ್ಲಿ ಆರಿಸಿದರೆ ಎಲ್ಲ ಅಳಿಸಿಹೋಗುತ್ತಿತ್ತು. ಹಾಲ್ವರ್ ಕರಡನ್ನು ಮೇಜಿನ ಮೇಲಿಟ್ಟು ಹೋದರು. ಬ್ಯಾಡ್ಜಿನ ಆಸೆಗೆ ಮಗು ಹತ್ತು ಗಂಟೆ ಆಟವನ್ನು ಆರಿಸದೆ ಕಾಯುತ್ತದೆಂದು ನನಗೆ ಹೊಳೆದದ್ದು ಆಗ. ಆದರೆ ಆ ಸಾಲು ವಿಸ್ಲರನಿಗೆ ತುಂಬ ಹಿಡಿಸಿಬಿಟ್ಟಿತ್ತು; ನಾನು ಅದನ್ನು ತೆಗೆಯಲಿಲ್ಲ.

ಎಂಬತ್ತೆರಡರ ನವೆಂಬರಿನಲ್ಲಿ, ಕ್ರಿಸ್‌ಮಸ್ಸಿನ ಅವಸರಕ್ಕೆ ವಿಸ್ಲರ್ ಬೇರೆಲ್ಲಿಂದಲೋ ತರಿಸಿದ ಚಿಪ್ ಹಾಕಿ ಹದಿನೈದು ಸಾವಿರ ಕಾರ್ಟ್ರಿಜ್‌ಗಳ ಸರಕು ತಯಾರಾಯಿತು. ಕಾವಿನ ಕೋಣೆಯಲ್ಲಿ ಏಳನೆಯ ದಿನ ಸಕ್ಕರೆ ಸೀದಂಥ ವಾಸನೆ ಬಂತು. ಹಾಲ್ವರ್ ನಮ್ಮೆಲ್ಲರನ್ನೂ ಕರೆದು ತೋರಿಸಿದರು. ಹತ್ತರಲ್ಲಿ ಒಂದರ ಅಂಚು ಮೇಣದಂತೆ ಇಳಿದು ಕಂದಾಗಿತ್ತು. ಪರದೆಯ ಮೇಲೆ ಚಮಚ ಇನ್ನೂ ಬಟಾಣಿಯನ್ನು ಅಟ್ಟಿಸಿಕೊಂಡು ಓಡುತ್ತಲೇ ಇತ್ತು. ಯಾರೂ ನಗಲಿಲ್ಲ.

"ಈ ಕೋಣೆ ಒಲೆ ಇದ್ದಂಗಿದೆ, ಕರಗದೆ ಇರತ್ತಾ?" ಎಂದ ವಿಸ್ಲರ್.

"ಜನವರೀಲಿ ಟೀವಿ ಹೀಟರ್ ಪಕ್ಕ ಇದ್ರೆ?"

"ನೂರರಲ್ಲಿ ಒಂದು ಮನೇಲಿ ಇರಬಹುದು."

"ನೂರರಲ್ಲಿ ಒಂದು" ಎಂದು ಹಾಲ್ವರ್ ಮೆಲ್ಲಗೆ ಹೇಳಿ, "ಆಮೇಲೆ?" ಎಂದರು. ವಿಸ್ಲರ್ ಹಲ್ಲು ಕಚ್ಚಿಕೊಂಡು ಮೆಟ್ಟಿಲಿಳಿದು ಹೋದ.

ಶುಕ್ರವಾರ ಹಾಲ್ವರ್ ನಾಲ್ಕು ಕಾರ್ಟ್ರಿಜ್‌ಗಳನ್ನು ಕೋಟಿನಲ್ಲಿರಿಸಿಕೊಂಡು ಮ್ಯಾಡಿಸನ್‌ನ ಪ್ರಯೋಗಾಲಯಕ್ಕೆ ಹೊರಟರು. ಹೊರಡುವ ಮೊದಲು ಉಗ್ರಾಣಕ್ಕೆ ಹೋಗಿ, ಆ ಸರಕಿನ ಅಟ್ಟಿಯ ತುತ್ತತುದಿಯ ಪೆಟ್ಟಿಗೆಯನ್ನು ತಲೆಕೆಳಗಾಗಿಸಿ ಇಟ್ಟರು. ಚೀಟಿಯಿಲ್ಲ, ರುಜುವಿಲ್ಲ, ಬಾಯಿಮಾತೂ ಇಲ್ಲ. ಓಲ್ಸ್‌ಟಾಡ್ ಕಾರ್ಖಾನೆಯಲ್ಲಿ ಮೂರು ತಲೆಮಾರಿನಿಂದ ತಡೆಹಿಡಿದ ಸರಕಿಗೆ ಅದೇ ಗುರುತು. ತಲೆಕೆಳಗು ಮಾಡಿದವರೇ ಬಂದು ನೆಟ್ಟಗೆ ಮಾಡುವವರೆಗೆ ಆ ಅಟ್ಟಿಯನ್ನು ಯಾರೂ ಮುಟ್ಟುವಂತಿಲ್ಲ. ಒಮ್ಮೆ ಚಾವಣಿ ಸೋರಿ ಉಗ್ರಾಣದಲ್ಲಿ ಮೊಣಕಾಲುದ್ದ ನೀರು ನಿಂತಾಗಲೂ ಅಂಥ ಅಟ್ಟಿಯೊಂದನ್ನು ಬಿಟ್ಟು ಸುತ್ತಲಿನದನ್ನಷ್ಟೇ ಸಾಗಿಸಿದರೆಂದು ಅಮ್ಮ ಹೇಳುತ್ತಿದ್ದಳು.

ಮರುದಿನ ಜಿಂಕೆ ಬೇಟೆ ಶುರುವಾಯಿತು. ಒಂಬತ್ತು ದಿನ ವಿಸ್ಕಾನ್ಸಿನ್ನಿನ ಗಂಡಸರು ಕಿತ್ತಳೆ ಬಣ್ಣದ ಅಂಗಿ ತೊಟ್ಟು ಕಾಡಿನಲ್ಲಿರುವ ಕಾಲ ಅದು; ಉಗ್ರಾಣದ ಆಳುಗಳಲ್ಲಿ ಒಬ್ಬನೂ ಊರಿನಲ್ಲಿರಲಿಲ್ಲ. ಸೋಮವಾರ ಬೆಳಿಗ್ಗೆ ಶಿಕಾಗೋದಿಂದ ಲಾರಿ ಬಂತು. ಅಂದು ಸರಕು ಹೊರಡದಿದ್ದರೆ ಅಂಗಡಿಗಳು ಬೇಡವೆನ್ನುತ್ತವೆಂದು ವಿಸ್ಲರನ ಮಾವ ಫೋನಿನಲ್ಲಿ ಕೂಗಾಡಿದ್ದರು. ವಿಳಾಸ ತಾಳೆ ನೋಡಲು ನನ್ನನ್ನು ಕೆಳಗೆ ಕರೆದರು. ಉಗ್ರಾಣದಲ್ಲಿ ವಿಸ್ಲರ್, ಲಾರಿಯ ಚಾಲಕ, ನಾನು, ಮೂವರೇ.

"ಇದನ್ನ ಯಾವನು ಹೀಗೆ ಅಡಿಮೇಲು ಇಟ್ಟಿದ್ದು?" ಎಂದ ವಿಸ್ಲರ್. ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ. ಅಳಿಯನಾಗಿ ಎರಡು ವರ್ಷ ಆಗಿತ್ತಷ್ಟೆ, ಉಗ್ರಾಣಕ್ಕೆ ಬಂದದ್ದೇ ಕಡಿಮೆ. "ಹಾಲ್ವರ್ ತಕರಾರನ್ನ ನಾನು ನೋಡ್ಕೋತೀನಿ. ಈ ಪೆಟ್ಟಿಗೆ ನೆಟ್ಟಗೆ ಮಾಡು ಆರ್ಡಿಸ್, ಬಾಣದ ಗುರುತು ಮೇಲ್ಮುಖ ಇರ್ಬೇಕು."

ನನಗೆ ಗೊತ್ತಿತ್ತು. ಆ ಮೂವರಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಇದು ತಡೆಹಿಡಿದ ಸರಕು, ಮುಟ್ಟಿದರೆ ಊರಿಗೆ ಊರೇ ನಿಮ್ಮನ್ನು ಕ್ಷಮಿಸುವುದಿಲ್ಲ ಎಂದು ಹೇಳಲು ಎರಡು ಉಸಿರು ಸಾಕಾಗಿತ್ತು. ಮೂವತ್ತನಾಲ್ಕು ವರ್ಷ ನನಗೆ. ಮೇಲಿನ ಮಹಡಿಯ ಮೇಜು ಹೋದರೆ ಅಮ್ಮ ನಿಂತಿದ್ದ ಬೆಲ್ಟಿನ ಮುಂದೆ ನಾನೂ ನಿಲ್ಲಬೇಕು, ಅವಳ ಬೆರಳುಗಳಂತೆ ನನ್ನವೂ ಸೊಟ್ಟಗಾಗಬೇಕು. ವಿಸ್ಲರ್ ಗಡಿಯಾರ ನೋಡಿಕೊಂಡ. ನಾನು ಏಣಿ ಹತ್ತಿ ಪೆಟ್ಟಿಗೆಯನ್ನು ತಿರುಗಿಸಿಟ್ಟೆ. ಹಗುರವಾಗಿತ್ತು, ಬಟಾಣಿಯ ಪೆಟ್ಟಿಗೆಯ ಅರ್ಧ ಭಾರವೂ ಇರಲಿಲ್ಲ.

ಬುಧವಾರ ಹಾಲ್ವರ್ ಮರಳಿ ಬಂದಾಗ ಉಗ್ರಾಣದ ಆ ಮೂಲೆ ಬರಿದಾಗಿತ್ತು. ಅವರು ಕೂಗಾಡುತ್ತಾರೆಂದು ನಾನು ಕಾದೆ. ಅವರು ಗೋಡೆಗೊರಗಿ, ಖಾಲಿ ನೆಲವನ್ನು ನೋಡುತ್ತ ನಿಂತುಬಿಟ್ಟರು.

"ವಿಸ್ಲರ್‌ಗೆ ಗೊತ್ತಿಲ್ಲ" ಎಂದರು. "ನಿನಗೆ ಗೊತ್ತಿತ್ತು ಕಣಮ್ಮ."

"ಗೊತ್ತಿತ್ತು."

"ಹೆದರಿದ್ಯಾ?"

"ಹೆದರಿದೆ."

ಬೈದಿದ್ದರೆ ಚೆನ್ನಾಗಿತ್ತು. ಅವರು ತಲೆಯಾಡಿಸಿ, "ಆ ಹುರುಳಿಕಾಯಿ ಡಬ್ಬೀನ ನಾನೂ ಫೋರ್‌ಮನ್‌ಗೆ ಹೆದರೇ ಬಿಟ್ಟಿದ್ದು" ಎಂದರು. "ಕಡ್ಡಿ ಸರಿಯಾಗೇ ಹೇಳಿತ್ತು. ನನಗೆ ಸರಿಯಾಗೇ ಕೇಳಿಸ್ತು." ಅಷ್ಟು ವರ್ಷ ಅವರು ಯಾರಿಗೂ ಹೇಳದ ಮಾತು ಅದಾಗಿತ್ತು, ಕೇಳಿಸಿತೋ ಕೇಳಿಸಿದಂತಾಯಿತೋ ಎಂಬ ಊರಿನವರ ಕನಿಕರದ ಅನುಮಾನವನ್ನು ಅವರು ನನ್ನೆದುರು ತೆಗೆದು ಹಾಕಿದರು.

ಆಮೇಲೆ ಅವರು ಮಾಡಿದ್ದನ್ನು ಊರಿನವರು ಹುಚ್ಚು ಎಂದರು. ಲಾರಿಯ ವಿಳಾಸಗಳ ಪಟ್ಟಿ ಹಿಡಿದುಕೊಂಡು ಒಂದೊಂದೇ ಅಂಗಡಿಗೆ ಫೋನು ಮಾಡಿ, 'ಲಿಟಲ್ ಡಿಪ್ಪರ್' ಪೆಟ್ಟಿಗೆಗಳನ್ನು ಕಪಾಟಿನಿಂದ ತೆಗೆದು ಇಡಿರೆಂದು ಬೇಡಿಕೊಂಡರು. ಹಾಗೆ ಹೇಳಲು ಅವರಿಗೆ ಅಧಿಕಾರವಿರಲಿಲ್ಲ. ಕೆಲವರು ತೆಗೆದರು, ಹಲವರು ನಕ್ಕರು. ಮ್ಯಾಡಿಸನ್‌ನಿಂದ ಬಂದ ವರದಿ ಹಾಲ್ವರ್ ಹೇಳಿದ್ದನ್ನೇ ಹೇಳಿತು. ಆ ಹೊತ್ತಿಗೆ ಕ್ರಿಸ್‌ಮಸ್ ಮುಗಿದು, ಆಟಗಳ ಮಾರುಕಟ್ಟೆಯೇ ಕುಸಿದು ಬಿದ್ದಿತ್ತು; ಮಾರ್ಚ್ ತಿಂಗಳಲ್ಲಿ ಯಜಮಾನರು ಲಿಟಲ್ ಡಿಪ್ಪರಿನ ಬಾಗಿಲು ಹಾಕಿದರು. ಸರಕು ವಾಪಸು ಕರೆಯಬೇಕೆಂದು ಹಾಲ್ವರ್ ಬರೆದ ಕಾಗದಕ್ಕೆ, ಇಲ್ಲದ ಕಂಪನಿಯ ಪರವಾಗಿ ಯಾರೂ ಮಾತಾಡತಕ್ಕದ್ದಲ್ಲ ಎಂಬ ಒಂದೇ ಸಾಲಿನ ಉತ್ತರ ಬಂತು. ನಮ್ಮ ಆಟ ಬಹಳ ಕೆಟ್ಟದಾಗಿತ್ತು, ಹೆಚ್ಚು ಜನ ಕೊಳ್ಳಲಿಲ್ಲ. ನನ್ನ ಜೀವಮಾನದಲ್ಲಿ ದೇವರಿಗೆ ಇಷ್ಟು ಮನಸಾರೆ ಕೃತಜ್ಞತೆ ಹೇಳಿಸಿದ ಸೋಲು ಇನ್ನೊಂದಿಲ್ಲ.

ಆದರೂ ಕೊಂಡವರಿದ್ದರು. ಅವರ ಮಕ್ಕಳ ಫೋಟೋಗಳು ನನಗೇ ಬರುತ್ತಿದ್ದವು, ಬ್ಯಾಡ್ಜಿಗಾಗಿ. ಪ್ರತಿ ಫೋಟೋದಲ್ಲೂ ಹಲ್ಲು ಕಿರಿದು ನಿಂತ ಮಗು, ಪಕ್ಕದಲ್ಲಿ ಟೀವಿ. ನಾನು ನೋಡುತ್ತಿದ್ದದ್ದು ಮಾತ್ರ ಟೀವಿಯ ಹಿಂದೆ ತೂಗುವ ಪರದೆ ಬಟ್ಟೆ, ಕೆಳಗಿನ ರತ್ನಗಂಬಳಿ, ಕಿಟಕಿಯಾಚೆ ಇಳಿದ ಸಂಜೆಯ ಬೆಳಕು. ಎಷ್ಟು ಗಂಟೆಯಿಂದ ಉರಿಯುತ್ತಿದೆಯೋ! ಒಂದೊಂದು ವಿಳಾಸಕ್ಕೂ ಹಾಲ್ವರ್ ಆ ಕಾರ್ಟ್ರಿಜ್ ಬಳಸಬೇಡಿರೆಂದು ತಮ್ಮ ದಪ್ಪ ಅಕ್ಷರದಲ್ಲಿ ಕಾರ್ಡು ಬರೆದರು. ಏಪ್ರಿಲ್‌ನಲ್ಲಿ ಅಯೋವಾದಿಂದ ಒಬ್ಬ ತಾಯಿಯ ಕಾಗದ ಬಂತು: ಜನವರಿಯಲ್ಲಿ ಒಂದು ದಿನ ಸುಟ್ಟ ವಾಸನೆ ಬಂದಾಗ ಮಗಳು ಲೊರೀನ್ ಕಾರ್ಟ್ರಿಜ್ ಕಿತ್ತಳು, ಕೈ ಸುಟ್ಟಿತು, ಮನೆಗೆ ಏನೂ ಆಗಲಿಲ್ಲ. ಆ ಶನಿವಾರ ಹಾಲ್ವರ್ ತಮ್ಮ ಕಾರಿನಲ್ಲಿ ಹೊರಟರು. ನಾನೂ ಹೋದೆ.

ಆ ತಾಯಿ, ಶ್ರೀಮತಿ ಸ್ವೊಬೋಡ, ನಮ್ಮನ್ನು ಅಡುಗೆಮನೆಯಲ್ಲಿ ಕೂರಿಸಿ ಕಾಫಿ ಕೊಟ್ಟರು. ಒಂಬತ್ತು ವರ್ಷದ ಲೊರೀನ್ ನಮ್ಮನ್ನು ಕಂಡು ಕುಣಿಯುತ್ತಲೇ ಬಂದಳು. "ನಲವತ್ತೊಂದು ಸಾವಿರ! ಅಪ್ಪ ಬರೋವರ್ಗೂ ಆರಿಸಬಾರ್ದು ಅಂತ ಇಡೀ ದಿನ ಕಾಯ್ತಾ ಇದ್ದೆ. ಬ್ಯಾಡ್ಜ್ ತಂದಿದೀರಾ?" ಎಂದು ಬಲಗೈ ಚಾಚಿದಳು. ಅಂಗೈಯ ಮೇಲೆ ಕಾರ್ಟ್ರಿಜ್ಜಿನ ಅಂಚಿನಷ್ಟೇ ಉದ್ದಕ್ಕೆ, ಅಷ್ಟೇ ನೇರಕ್ಕೆ, ಬಿಳಿಚಿದ ಹೊಳೆಯುವ ಚರ್ಮ. ಆ ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ.

"ಇದು ಹೇಗಾಯ್ತು ಅಂತ ಯಾರಾದ್ರೂ ಹೇಳ್ತೀರಾ?" ಎಂದರು ತಾಯಿ. ಗಟ್ಟಿಯಾಗಿ ಕೇಳಲಿಲ್ಲ. ಆದರೆ ಕೇಳಿದ್ದು ನನ್ನ ಮುಖ ನೋಡಿ.

ನಾನು ಕಾಫಿಯ ಲೋಟ ಕೈಗೆತ್ತಿಕೊಂಡೆ. ಪಕ್ಕದಲ್ಲಿ ಹಾಲ್ವರ್ ಟೋಪಿ ತೆಗೆದು ಎದ್ದು ನಿಂತರು.

"ತಪಾಸಣೆ ನನ್ನದಮ್ಮ. ತಡೀಬೇಕಾದೋನು ನಾನು. ತಪ್ಪು ನನ್ನದೇ."

ನಾನು ಅದನ್ನು ತಿದ್ದಲಿಲ್ಲ. ಕಾಫಿಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದೆ. ಹಿಂತಿರುಗುವ ದಾರಿಯಲ್ಲಿ ಅವರೂ ಆ ಮಾತೆತ್ತಲಿಲ್ಲ. ಕೊಂಡವರಲ್ಲಿ ಇನ್ನು ಆರುನೂರ ಹನ್ನೆರಡು ಮನೆಗಳು ಗೊತ್ತಾಗಬೇಕು ಎಂದಷ್ಟೇ ಹೇಳಿದರು. ಸಾಯುವವರೆಗೂ ಹಾಗೇ ಹೇಳುತ್ತಿದ್ದರು. ಪ್ರತಿ ವರ್ಷ ಆ ಸಂಖ್ಯೆ ಸ್ವಲ್ಪ ಇಳಿಯುತ್ತಿತ್ತು, ಸೊನ್ನೆಯಾಗಲಿಲ್ಲ.

ಅವರ ಶವಸಂಸ್ಕಾರದ ದಿನ ಯಾರೋ ಹೇಳಿದರು, ಪಾಪ, ಇಡೀ ಬದುಕು ಆಗದೇ ಇದ್ದದ್ದಕ್ಕೆಲ್ಲ ಹೆದರಿ ಸತ್ತ ಮನುಷ್ಯ ಎಂದು. ನಾನು ಅಂದಿನಿಂದ ಈ ಮಾತನ್ನು ಕುರಿತು ಯೋಚಿಸಿದ್ದೇನೆ. ಹೆದರುವವರಲ್ಲಿ ಎರಡು ಜಾತಿ. ಎದುರಿಗೆ ನಿಂತವರಿಗೆ ಹೆದರುವವರು ಒಂದು. ಲೋಕದ ತುಂಬ ಇರುವವರು ನಾವೇ, ನಮ್ಮನ್ನು ಯಾರೂ ಪುಕ್ಕಲರೆನ್ನುವುದಿಲ್ಲ, ತಿಳಿವಳಿಕೆಯುಳ್ಳವರು, ಹೊಂದಿಕೊಂಡು ಹೋಗುವವರು ಎನ್ನುತ್ತಾರೆ. ಇನ್ನೊಂದು, ಎಂದೂ ಕಂಡಿರದ ಯಾರದೋ ಮನೆಯಲ್ಲಿ, ಹೆಸರು ಗೊತ್ತಿಲ್ಲದ ಯಾವುದೋ ಮಗುವಿಗಾಗಿ ಹೆದರುವವರು. ಅವರು ತಮ್ಮ ಕೆಲಸದಲ್ಲಿ ಗೆದ್ದರೆ ಏನೂ ಆಗುವುದಿಲ್ಲ. ಏನೂ ಆಗಲಿಲ್ಲವಲ್ಲ ಎಂದು ನಾವು ನಗುತ್ತೇವೆ. ಅವರು ಸೋತರೆ, ಸೋಲಿಸಿದವರು ನಾವೆಂಬುದನ್ನು ಹೇಳದೆ, ತಪ್ಪನ್ನೂ ತಮ್ಮ ತಲೆಯ ಮೇಲೆಯೇ ಹೊತ್ತು ಹೋಗುತ್ತಾರೆ. ಲೊರೀನಳಿಗೆ ಈಗ, ಅಂದು ಆ ಪೆಟ್ಟಿಗೆ ತಿರುಗಿಸಿದಾಗ ನನಗಿದ್ದಷ್ಟೇ ವಯಸ್ಸು. ಕ್ರಿಸ್‌ಮಸ್ಸಿಗೆ ಇಂದಿಗೂ ಕಾರ್ಡು ಕಳಿಸುತ್ತಾಳೆ, ಎಡಗೈಯಲ್ಲಿ ಬರೆದದ್ದು, 'ಒಳ್ಳೆಯ ಆರ್ಡಿಸ್‌ಗೆ' ಎಂದು.